ಬೂತಾಯಿ ಲೆಕ್ಕದ ಕೆಳಗೆ

ನ್ಯೂಲಿನ್ ಬಂದರಿನ ಹಳೆಯ ದಿನಚರಿ.
ಬೂತಾಯಿ ಪೀಪಾಯಿ ಮೂವತ್ತೊಂದು, ಉಪ್ಪು ಇಷ್ಟು,
ಅದರ ಕೆಳಗೆ ಗುಮಾಸ್ತ ಜೇಗೋ ಟ್ರೆಂಬಾತ್
ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿದ್ದಾನೆ:
ಟ್ಯಾಮ್‌ಸಿನ್ ಕಟ್ಟೆಗೆ ಓಡಿಬಂದು ಲವ್‌ಡೇಗೆ ಹೇಳಿದಳು,
'ಹರ್' ಗಂಡನ ದೋಣಿ ಮರಳಿಲ್ಲವೆಂದು.

ಹರ್.
ಇಬ್ಬರು ಹೆಂಗಸರ ನಡುವೆ
ಒಂದೇ ಕಪ್ಪು ಶಾಲು.

ಕನ್ನಡಕ್ಕೆ ತರಲು ಕೂತೆ.
'ತನ್ನ ಗಂಡನ' ಎಂದು ಬರೆದರೆ
ಟ್ಯಾಮ್‌ಸಿನ್ ಅಲ್ಲೇ ಕುಸಿಯುತ್ತಾಳೆ.
ಹೊಡೆದುಹಾಕಿ 'ಅವಳ ಗಂಡನ' ಎಂದರೆ
ಟ್ಯಾಮ್‌ಸಿನ್ ಮನೆಯ ಹೊಸಿಲಲ್ಲಿ
ಯಾರೋ ಒದ್ದೆ ಬೂಟು ಕಳಚುವ ಸದ್ದು,
ಲವ್‌ಡೇ ಕೈಯ ಬುಟ್ಟಿ ಕೆಳಗೆ.
ನನ್ನ ಪೆನ್ನು ಅತ್ತಿತ್ತ ಆಡಿದಷ್ಟು ಸಲ
ಒಬ್ಬ ಮುಳುಗುತ್ತಾನೆ, ಒಬ್ಬ ಏಳುತ್ತಾನೆ.

ಜೇಗೋಗೆ ಗೊತ್ತಿತ್ತು.
ಕಟ್ಟೆಯ ಮೇಲೆ ಬಲೆ ಹೆಣೆಯುತ್ತಿದ್ದವರಿಗೆ,
ನಾಯಿಗಳಿಗೂ ಗೊತ್ತಿತ್ತು, ಯಾರ ಗಂಡನೆಂದು.
ಮುಖ ನೋಡಿದವರಿಗೆ ಹೆಸರೇಕೆ ಬೇಕು?
ನೂರು ವರ್ಷ ತಡವಾಗಿ ಬಂದ ನನಗೆ
ಮುಖವಿಲ್ಲ, ಮಸಿ ಮಾತ್ರ.

ಪುಟ ಮಗುಚಿದೆ. ಮತ್ತೆ ಪೀಪಾಯಿ, ಮತ್ತೆ ಉಪ್ಪು.
ಕೊನೆಗೊಂದು ತುಂಡು ವಾಕ್ಯ:
ಅವಳು ಇನ್ನೂ ದೀಪ ಆರಿಸಿಲ್ಲ.

ಅವಳು.
ಅದನ್ನು ಹಾಗೇ ಬಿಟ್ಟೆ.