ಚೌಕಗಳ ನಡುವೆ ಒಂದು ಉರುಳೆ

ಟೆಟ್ ಹಬ್ಬಕ್ಕೆ ಇನ್ನೊಂದೇ ರಾತ್ರಿ. ಹಾಯ್‌ಫಾಂಗ್‌ನ ಓಣಿಯಲ್ಲಿ
ಎಣ್ಣೆಯ ಹಳೇ ಪೀಪಾಯಿ ಇವತ್ತು ಹಂಡೆ.
ಏಳು ಮನೆಯ ಕಡುಬುಗಳು ಒಂದೇ ನೀರಲ್ಲಿ, ಬೆಳಗಿನ ತನಕ.
ಯಾರದು ಯಾವುದೆಂದು ಜಗಳವಾಗದಿರಲು ದಾರದ ಬಣ್ಣ:
ನ್ಯಾನ್ ಅತ್ತೆಯದು ಕೆಂಪು, ಥುವತ್ ಮಾವನದು ಬಿಳಿ ನೈಲಾನು.
ಅಂಟಕ್ಕಿ, ಹೆಸರುಬೇಳೆ, ಕೊಬ್ಬಿರುವ ಹಂದಿಮಾಂಸ, ಮೆಣಸು,
ಡೋಂಗ್ ಎಲೆಯೊಳಗೆ ಮೂಲೆ ಮಡಚಿ ಎಲ್ಲವೂ ಚೌಕ,
ಹಸಿರು ಇಟ್ಟಿಗೆಯ ಮೇಲೆ ಹಸಿರು ಇಟ್ಟಿಗೆ.

ಪಕ್ಕದಲ್ಲಿ ಉಳಿದ ಸಂದಿಯಲ್ಲಿ
ಮೊಳದುದ್ದದ ಒಂದು ಉರುಳೆ.
ದಿಯೆಮ್ ಸುತ್ತಿದ್ದು; ದಕ್ಷಿಣದ ಕಾನ್‌ಥೋದಿಂದ ಬಂದ ಸೊಸೆ.
"ಹಂಡೆಗೆ ಒನಕೆ ಯಾರು ಹಾಕಿದ್ದು?" ಅಂದ ಥುವತ್ ಮಾವ.
ನಕ್ಕರು. ಅವಳೂ ನಕ್ಕಳು, ಸೌದೆ ಒಳಗೆ ತಳ್ಳುತ್ತ.

ಎಲೆ ಸಿಕ್ಕಿದ್ದೇ ಕಷ್ಟ. ಇಲ್ಲಿಯ ಚಳಿಗಾಳಿ
ಬಾಳೆಯೆಲೆಯನ್ನು ಬಾಚಣಿಗೆ ಮಾಡಿಬಿಡುತ್ತದೆ.
ಶಾಲೆಯ ಹಿಂದೆ, ಗಾಳಿ ತಾಕದ ಮೂಲೆಯಿಂದ
ಕಾವಲುಗಾರನಿಗೆ ಸಿಗರೇಟು ಕೊಟ್ಟು ತಂದದ್ದು, ನಾಲ್ಕೇ ನಾಲ್ಕು.

ಒಳಗೆ, ಹಿರಿಯರ ಪಟಗಳ ಮುಂದೆ,
ಎಳೆ ಬಾಳೆಯ ಚಿಪ್ಪು ಅಂಗೈಯಂತೆ ಬಾಗಿ
ಚಕ್ಕೋತವನ್ನೂ ಕಿತ್ತಳೆಯನ್ನೂ ಹೊತ್ತಿದೆ.
ಮೊದಲ ವರ್ಷ ಕಂಡು ಬೆಚ್ಚಿದ್ದಳು:
ಅವಳೂರ ನಾಲಗೆಯಲ್ಲಿ ಬಾಳೆಯ ಹೆಸರು
'ಮುಗ್ಗರಿಸು' ಎಂದು ಕೇಳಿಸುತ್ತದೆ; ಹಬ್ಬದ ತಟ್ಟೆಯಲ್ಲಿ ಇಡುವುದಿಲ್ಲ.
ನಾನು ಬರೆಯುವ ನುಡಿಯಲ್ಲಿ ಅದು ಬಾಳಿನ ನೆರೆಮನೆ.
ಅವಳಿಗೆ ಹೇಳಬೇಕೆನಿಸುತ್ತದೆ. ಹೇಗೆ ಹೇಳಲಿ?

ಫೋನಿನಲ್ಲಿ ಅಮ್ಮ: "ಹುಣ್ಣಿಮೆಗೇ ಎಲೆಯೆಲ್ಲ ಕಿತ್ತಿದ್ದೆ,
ನಿನ್ನೆ ತನಕ ಮುಷ್ಟಿ ಬಿಗಿದಿತ್ತು ಗಿಡ, ಈಗ ನೋಡು!"
ಪರದೆ ತುಂಬ ಹಳದಿ ಹೂವು, ಆಮೇಲೆ ಅಮ್ಮನ ಹೆಬ್ಬೆರಳು.
ಇಲ್ಲಿ ಕಿಟಕಿಯ ಬಳಿ ಪೀಚ್ ಕೊಂಬೆ,
ಸ್ಕೂಟರಿನ ಹಿಂದೆ ಬರುವಾಗಲೇ ಅರ್ಧ ಗುಲಾಬಿ ಉದುರಿಸಿಕೊಂಡದ್ದು.
"ಅಲ್ಲಿ ಚಳಿಯಾ?"
"ಹೂಂ. ಹೊಗೆ ಬೆಚ್ಚಗಿದೆ."

ಮೂರು ಗಂಟೆ. ಕಾವಲಿಗೆ ಕೂತವರು ಕೂತಲ್ಲೇ ತೂಕಡಿಕೆ.
ಅತ್ತೆ ಬಂದಳು, ಬಿಸಿನೀರು ಸುರಿದಳು, ಬಗ್ಗಿ ನೋಡಿದಳು.
"ಇದಕ್ಕೆ ದಾರವನ್ನೇ ಕಟ್ಟಿಲ್ಲವಲ್ಲ ನೀನು."
"ಇಡೀ ಹಂಡೆಯಲ್ಲಿ ಗುಂಡಗಿರುವುದು ಇದೊಂದೇ, ಅತ್ತೆ.
ಯಾರಿಗೆ ತಪ್ಪುತ್ತದೆ?"
ಅತ್ತೆ ಉತ್ತರಿಸಲಿಲ್ಲ. ಇಕ್ಕಳದಲ್ಲಿ ಉರುಳೆಯನ್ನು ಮೇಲೆತ್ತಿ ಹಿಡಿದು
ಜೇಬಿನಿಂದ ಕೆಂಪು ದಾರ ತೆಗೆದಳು.
"ಕಟ್ಟು, ಕೈ ಸೋಲುತ್ತಿದೆ."

ಆವಿಯಲ್ಲಿ ಬೆರಳು ಸುಟ್ಟಿತು,
ಗಂಟು ಎರಡು ಸಲ ಜಾರಿತು.