ಕಾಲಂ ಇಲ್ಲದ್ದು

ಮಂಡಿಪೇಟೆಯ ಮೆಣಸಿನಕಾಯಿ ಅಂಗಡಿ ಮೇಲೆ
ಬೆಳಿಗ್ಗೆ ಹತ್ತಕ್ಕೆ ಆ್ಯಪ್ ಬಿಟ್ಟೆವು.
ಘಾಟಿಗೆ ತಸ್ಲೀಮ ಸೀನಿದಳು,
ಸೀನಿನ ಮೇಲೇ ಗುಂಡಿ ಒತ್ತಿದೆ.

ಯಾವ ಕಂಪನಿ, ಯಾರ ದುಡ್ಡು, ಎಷ್ಟನೇ ಸುತ್ತು:
ಬೆರಳಿಟ್ಟರೆ ಜಾತಕವೇ ಹೊರಗೆ.

ಬಾಡಿಗೆಗೆಂದು ಮೆಟ್ಟಿಲೇರಿದ
ದಲಾಲಿ ಕೊಟ್ರಬಸಪ್ಪ
ಮೊದಲು ತನ್ನ ಹೆಸರನ್ನೇ ಹುಡುಕಿಸಿದ.
ಮಾಹಿತಿ ಇಲ್ಲ.
"ಬೇಶಾತು ಬಿಡು!" ನಕ್ಕ,
ಮಂಡಕ್ಕಿ ಬಾಯಿಗೆಸೆದುಕೊಂಡು.

ಆಮೇಲೆ ಒಬ್ಬ ಹೂಡಿಕೆದಾರನ ಪುಟ.
ಕನ್ನಡಕ ಹಣೆಗೇರಿಸಿ ಓದಿದ.
"ಎಲ್ಲಾ ಐತಿ. ಆದ್ರ
ಕೊಟ್ಟ ರೊಕ್ಕ ಕೇಳಾಕ ಬಂದಾಗ ಈತ
ಕುಂತು ನೀರು ಕುಡುದ್ನೋ,
ಬಾಗ್ಲಾಗೇ ನಿಂತ್ನೋ?"

ಅದಕ್ಕೆ ಕಾಲಂ ಇರಲಿಲ್ಲ.

ಆತ ಇಳಿದು ಹೋದ ಮೇಲೆ ತಸ್ಲೀಮ
ಪರದೆಯ ಮೇಲೊಂದು ಖಾಲಿ ಚೌಕ ಎಳೆದು
ಹೆಸರು ಹೊಳೆಯದೆ ನನ್ನತ್ತ ನೋಡಿದಳು.

ಮೇಜಿನ ಮೇಲೆ
ಆತ ಕುಡಿದಿಟ್ಟ ಲೋಟ.