ಅಂಗೈ ತಿರುವಿ

ಮೂರನೇ ಸಾವಿರದ ನಡುವೆ ಎಲ್ಲೋ
ಲೆಕ್ಕ ತಪ್ಪಿತು, ಅವಳು ನರಳಿ ಮಗ್ಗುಲು ಬದಲಿಸಿದಾಗ.
ಅರ್ಧ ಹೊಸೆದ ಊದುಕಡ್ಡಿ ಮಣೆಯ ಮೇಲೇ ಬಿಟ್ಟು
ಕೈ ಚಾಚಿದೆ.
ಅಂಗೈ ತುಂಬ ಇದ್ದಿಲ ಹಿಟ್ಟು, ಜಿಗಟು,
ಹನ್ನೊಂದು ವರ್ಷ ಹೊಸೆದೂ ಹೊಸೆದೂ
ದಡ್ಡುಗಟ್ಟಿದ ಚರ್ಮ. ಅದಕ್ಕೆ
ಒಲೆಯಿಂದಿಳಿಸಿದ ಪಾತ್ರೆಯ ಬಿಸಿಯೂ ತಿಳಿಯದು.
ಹಾಗಾಗಿ ಕೈ ತಿರುವಿ
ಹಿಂಬದಿಯಿಂದ ಮುಟ್ಟಿದೆ ಸಿಂಚುವಿನ ಕತ್ತು.

ತಿಳಿಯಿತು.

ಅತ್ತೆಗೆ ಎಚ್ಚರವೇ. ಕತ್ತಲಿನಿಂದಲೇ ಅಂದರು:
"ಹೊದುಸು ಕಣವ್ವ, ಕಂಬ್ಳಿ ಹೊದುಸು,
ಬೆವುತ್ರೆ ತಾನೇ ಇಳೀತದೆ.
ನಿನ್ ಗಂಡುಂಗೆ ಹಿಂಗಾದಾಗ
ಎರಡು ಕಂಬ್ಳಿ, ಮೇಲೊಂದು ಗೋಣಿತಾಟು."
ಗೋಣಿತಾಟಿನಡಿ ಉಳಿದ ಆ ಮಗ ಈಗ
ಬಂಡೀಪಾಳ್ಯದ ಮಂಡಿಯಲ್ಲಿ ಈರುಳ್ಳಿ ಮೂಟೆ ಇಳಿಸುತ್ತಿದ್ದಾನೆ.
ಲಾರಿ ಖಾಲಿಯಾಗುವ ತನಕ ಫೋನು ಎತ್ತುವುದಿಲ್ಲ.

ಆಶಾ ಕೆಲಸದ ಜಯಶೀಲಾ ಹೇಳಿದ್ದು ಬೇರೆ:
ಬಟ್ಟೆ ಸಡಿಲಿಸು, ಕಿಟಕಿ ತೆಗೆ,
ಗುಟುಕು ಗುಟುಕು ನೀರು ಕುಡಿಸ್ತಾ ಇರು, ಆಮೇಲೆ...
ಹೇಳಿದ್ದು ಹೋದ ಆಷಾಢದಲ್ಲಿ, ನಲ್ಲಿಯ ಹತ್ತಿರ.
ನನ್ನ ಕೊಡ ತುಂಬಿ ಚೆಲ್ಲುತ್ತಿತ್ತು,
ಹಿಂದಿನವಳು ಬೈಯುತ್ತಿದ್ದಳು,
ಅರ್ಧ ಕೇಳಿಸಿಕೊಂಡು ಬಂದೆ.
ಈಗ ಆ ಇನ್ನರ್ಧ ಬೇಕು.

ಗೂಡಿನಲ್ಲಿ ಸಿರಪ್ಪಿದೆ.
ಅಳತೆಯ ಮುಚ್ಚಳ ಇಲ್ಲ,
ಗೊಂಬೆಗೆ ಕಾಫಿ ಕೊಡಲು ಒಯ್ದವಳು ಎಲ್ಲೋ ಕಳೆದಳು.
ಒಂದು ಚಮಚ ಎಂದರೆ ಯಾವ ಚಮಚ?
ಸಕ್ಕರೆ ಡಬ್ಬಿಯದೋ, ಉಪ್ಪಿನಕಾಯಿಯದೋ?
ಸೀಸೆಯ ಮೇಲಿನ ಅಕ್ಷರ ಇರುವೆ ಸಾಲು.
ದಿನಕ್ಕೆ ನಾಲ್ಕು ಸಾವಿರ ಎಣಿಸುವ ನನಗೆ
ಐದು ಹನಿ ಎಣಿಸಲು ಭಯ.

ಎದುರು ಮನೆ ಫರ್ಹಾನಾಳ ಬಾಗಿಲು ತಟ್ಟಿದೆ.
ಏನೂ ಕೇಳಲಿಲ್ಲ. ಒಂದು ಥರ್ಮಾಮೀಟರು,
ಸೂಜಿಯಿಲ್ಲದ ಒಂದು ಸಿರಿಂಜು,
ಹಲ್ಲಲ್ಲಿ ಕಚ್ಚಿದ ಮೊಬೈಲಿನ ಬೆಳಕು.
"ನಮ್ದು ಮೂರಕ್ಕೂ ಇದೇ."
ಕಂಕುಳಲ್ಲಿಟ್ಟು ಕಾದೆವು.
ಕೀಂ ಅಂದಿತು: ನೂರ ಎರಡೂ ಚಿಲ್ಲರೆ.
"ಅದುಕ್ಕೇನ್ ಗೊತ್ತು, ಮೊನ್ನೆ ಮೊನ್ನೆ ಹುಟ್ಟಿದ್ದು," ಅಂದರು ಅತ್ತೆ.
ಆದರೂ ಎದ್ದು ಕೂತರು,
ಕಂಬಳಿಯನ್ನು ತಮ್ಮ ಕಾಲಿನ ಮೇಲೆಳೆದುಕೊಂಡರು.

ಟ್ರಂಕಿನ ತಳದಲ್ಲಿ ತಾಯಿ ಕಾರ್ಡು.
ಅಂಗನವಾಡಿಯವರು ಬರೆದ ಕೊನೆಯ ತೂಕ: ಹದಿಮೂರೂವರೆ.
ಜೊತೆಗೆ ಮಡಿಸಿಟ್ಟ ಡಾಕ್ಟರ ಚೀಟಿ.
ಫರ್ಹಾನಾ ಎರಡನ್ನೂ ಜೋಡಿಸಿ ಓದಿ
ಸಿರಿಂಜನ್ನು ಒಂದು ಗೆರೆಯ ತನಕ ಎಳೆದಳು,
ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.
ಕೆನ್ನೆಯ ಪಕ್ಕಕ್ಕೆ ಬಿಟ್ಟಳು, ನಿಧಾನ, ಉಗುಳದ ಹಾಗೆ.
ಗೋಡೆಯಲ್ಲಿ, ನನ್ನ ಸಾವಿರಗಳ ಗೀಟಿನ ಪಕ್ಕ,
ಕಪ್ಪು ಬೆರಳಿನಿಂದ ಬರೆದೆ: ೧.೪೦.

ಆಮೇಲೆ ಉಗುರುಬೆಚ್ಚಗಿನ ನೀರು, ಹಳೇ ಪಂಚೆಯ ಚೂರು.
ಹಿಂಡಿ ಹಿಂಡಿ ಕೊಟ್ಟದ್ದು ಅತ್ತೆಯೇ.
ನಾನು ತೂಕಡಿಸಿದಾಗ
ಪಾದಕ್ಕಷ್ಟೇ ಕಂಬಳಿಯ ತುದಿ ಹೊದಿಸಿದ್ದೂ ಅವರೇ.

ಮಸೀದಿಯ ಮೈಕು ಗಂಟಲು ಸರಿಮಾಡಿಕೊಳ್ಳುವ ಮೊದಲು
ಅವಳ ಕೂದಲ ಬುಡ ಒದ್ದೆಯಾಯಿತು.
"ನೋಡ್ದಾ, ಬೆವುತ್ಲು," ಎಂದರು ಅತ್ತೆ, ಗೆದ್ದವರ ಹಾಗೆ.
ನಾನು ತಕರಾರು ಮಾಡಲಿಲ್ಲ.
ಪೂರ್ತಿ ಇಳಿದಿರಲಿಲ್ಲ ಅದು, ಹೊಂಚು ಹಾಕಿತ್ತು;
ಬೆಳಿಗ್ಗೆ ೭.೫೦ ಎಂದು ಇನ್ನೊಮ್ಮೆ ಬರೆಯಬೇಕಾಯಿತು.
ಮೂರನೇ ದಿನವೂ ಬಂದರೆ ರಕ್ತ ನೋಡಬೇಕು ಎಂದಿತ್ತು ಚೀಟಿ.
ಬರಲಿಲ್ಲ.

ಶನಿವಾರ ಮೇಸ್ತ್ರಿ ಬಂದು ಗೋಡೆ ನೋಡಿದ.
"ಇದ್ಯಾವ ಲೆಕ್ಕನವ್ವ?"
"ಅದು ನಿಂದಲ್ಲ."
ಆ ಎರಡು ಸಾಲು ಬಿಟ್ಟು ಎಣಿಸಿದ.
ಕಡ್ಡಿ ಕಮ್ಮಿ, ಕಾಸೂ.

ವಾಪಸು ಕೊಡಬೇಕಾದ ಸಿರಿಂಜಿನಲ್ಲಿ
ಸಿಂಚು ಹೊಸ್ತಿಲ ಮೇಲೆ ಗೊಂಬೆಗೆ ಕಾಫಿ ಕುಡಿಸುತ್ತಿದ್ದಳು.
ನಡುವೆ ನಿಲ್ಲಿಸಿ, ಕೈ ತಿರುವಿ,
ಹಿಂಬದಿಯಿಂದ ಅದರ ಕತ್ತು ಮುಟ್ಟಿ ನೋಡಿದಳು.
ಅವಳ ಅಂಗೈ ಇನ್ನೂ ಮೆತ್ತಗಿದೆ,
ತಿರುವಬೇಕಿರಲಿಲ್ಲ.